ಭಾನುವಾರದ ಬೋಣಿ ಫೋಟೋ

ನಮ್ಮ ಸೋದರಮಾವ ದರ್ಜಿ. ಹೊಟ್ಟೆಪಾಡಿಗೆ ಹೊಲಿಗೆ, ಹುಚ್ಚಿಗೆ ಕ್ಯಾಮೆರಾ. ನಾವಿದ್ದ ಕಟ್ಟಡದ ಎದುರಿಗೇ, ರಸ್ತೆಯ ಆಚೆ ಬದಿಗೆ ಅವನ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವನ ವಾಸ. ಮದುವೆಯಾಗಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ ನಮ್ಮಮ್ಮ, ಅಂದರೆ ಅವನ ಅಕ್ಕ, ಒಂದು ಕ್ಯಾಮೆರಾ ಆರಿಸುವುದಕ್ಕೇ ಅವನಿಗೆ ಎರಡು ವರ್ಷ ಬೇಕು, ಹೆಂಡತಿಯನ್ನು ಆರಿಸುವ ಹೊತ್ತಿಗೆ ಬಾಯಲ್ಲಿ ಹಲ್ಲಿರುವುದಿಲ್ಲ ಅನ್ನುತ್ತಿದ್ದಳು. ಅಮ್ಮ ತನ್ನ ತಮ್ಮನ ಪರವಾಗಿ ಒಂದೇ ಒಂದು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾವ ಪುಕ್ಕಲ. ಬಲ್ಬು ಬದಲಾಯಿಸಲು ಸ್ಟೂಲು ಹತ್ತುವವನಲ್ಲ, ನಾಯಿ ಬೊಗಳಿದರೆ ರಸ್ತೆ ದಾಟುವವನು. ಆದರೆ ಕೈ ಮಾತ್ರ ಕಲ್ಲು. ಸೂಜಿಗೆ ದಾರ ಪೋಣಿಸುವಾಗಲೂ ಕ್ಯಾಮೆರಾದ ಗುಂಡಿ ಒತ್ತುವಾಗಲೂ ಒಂದೇ ರೀತಿ ಉಸಿರು ಕಟ್ಟುತ್ತಿದ್ದ, ಬೆರಳು ಒಂದಿಷ್ಟೂ ಅದುರುತ್ತಿರಲಿಲ್ಲ. ಬೀದಿಯಲ್ಲಿ ಯಾರು ಕ್ಯಾಮೆರಾ ಕೊಳ್ಳಬೇಕೆಂದರೂ ಅವನ ಹತ್ತಿರ ಬರುತ್ತಿದ್ದರು, ಮತ್ತು ಅವನು ಹೇಳಿದ್ದನ್ನು ಬಿಟ್ಟು ಬೇರೆಯದನ್ನು ಕೊಳ್ಳುತ್ತಿದ್ದರು. ದಿನಾ ಜೇಬಿನಲ್ಲಿ ಇರುತ್ತಾ ಇಲ್ಲವಾ, ಅದನ್ನು ಮೊದಲು ನೋಡು ಅಂತ ಅವನು ಹೇಳಿದರೆ, ನಮ್ಮ ಕಟ್ಟಡದ ಕೆಳಗಿನ ಬೇಕರಿಯವನು ಮೊಳದುದ್ದದ ಜೂಮ್ ಇರುವುದನ್ನೇ ತಂದ. ಹಕ್ಕಿ ತೆಗೆಯುತ್ತೇನೆ ಅಂದಿದ್ದ. ಎರಡು ಸಲ ಹೊತ್ತುಕೊಂಡು ಹೋಗಿ ಹೆಗಲು ನೋವು ಬರಿಸಿಕೊಂಡ. ಆಮೇಲೆ ಆ ಕ್ಯಾಮೆರಾ ಬೇಕರಿಯ ಕಪಾಟಿನ ಮೇಲುಗಡೆ ಕೂತು ಬನ್ನುಗಳನ್ನು ಕಾಯತೊಡಗಿತು. ಮೊದಲ ಮಹಡಿಯ ಮೇಷ್ಟ್ರಿಗೆ ಫೋನೇ ಸಾಕು. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ನನಗೂ ಫೋನೇ.

ಮಾವನ ಹಳೇ ಕ್ಯಾಮೆರಾ ಅಂಗೈಯಗಲದ್ದು. ಅದರಲ್ಲಿ ಜೂಮ್ ಇಲ್ಲ. ದೂರದ್ದು ಹತ್ತಿರ ಬೇಕಾದರೆ ನಡೆದುಕೊಂಡು ಹೋಗಬೇಕು. ಭಾನುವಾರ ಅಂಗಡಿಗೆ ರಜೆ, ಅವತ್ತು ಅವನು ಫೋಟೋ ತೆಗೆಯಲು ಊರು ಸುತ್ತುತ್ತಿದ್ದ. ಹೊರಡುವ ಮುಂಚೆ ಒಂದು ಫೋಟೋ ಕಡ್ಡಾಯ. ಅಂಗಡಿಯ ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು. ಕೆಳಗಿನ ಮೂಲೆಯಲ್ಲಿ ಕ್ಯಾಮೆರಾವನ್ನು ಗೋಡೆಗೆ ಒತ್ತಿ ಕೂರಿಸಿ, ಎದುರಿಗಿದ್ದ ನಮ್ಮ ಕಟ್ಟಡವನ್ನು ಒಂದು ಸಲ ತೆಗೆಯುತ್ತಿದ್ದ. ಕ್ಯಾಮೆರಾ ಸರಿಯಾಗಿದೆಯಾ, ಬೆಳಕು ಹೇಗಿದೆ ಅಂತ ಪರೀಕ್ಷೆ. ಅದಕ್ಕೆ ಅವನು ಇಟ್ಟ ಹೆಸರು ಬೋಣಿ ಫೋಟೋ. ಬೋಣಿ ಆಗದೆ ದಿನದ ಫೋಟೋಗಳು ಚೆನ್ನಾಗಿ ಬರುವುದಿಲ್ಲ ಅಂತ ಅವನ ನಂಬಿಕೆ. ಅದೇ ಹೊತ್ತಿಗೆ ಅಮ್ಮ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಬೋಣಿ ಆಯ್ತಾ, ಇನ್ನು ದೇಶ ಉದ್ಧಾರ ಮಾಡೋದಕ್ಕೆ ಹೊರಡು ಅಂತ ಅಲ್ಲಿಂದಲೇ ಕೂಗುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆಯಿತು.

ಕಳೆದ ಚಳಿಗಾಲದಲ್ಲಿ ಕೊನೆಗೂ ಅವನ ಆಯ್ಕೆ ಮುಗಿದು ಹೊಸ ಕ್ಯಾಮೆರಾ ಬಂತು. ಲೆನ್ಸು ತಿರುಗಿಸಿದರೆ ಅಗಲವೂ ಆಗುತ್ತದೆ, ಹತ್ತಿರವೂ ಆಗುತ್ತದೆ. ಮಾವ ಅದನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಓಡಾಡಿದ. ಹಳೆಯದನ್ನು ನನಗೆ ಕೊಟ್ಟ. ನಾನು ಅದನ್ನು ಡಬ್ಬಿಯಲ್ಲಿ ಹಾಕಿ ಬೀರುವಿನ ಮೇಲಿಟ್ಟೆ.

ಇನ್ನು ನಮ್ಮ ಕಟ್ಟಡದ ವಿಷಯ. ಕೆಳಗೆ ಬೇಕರಿ, ಅದರ ಮೇಲೆ ಮೇಷ್ಟ್ರ ಸಂಸಾರ, ಮೇಲಿನ ಮಹಡಿಯಲ್ಲಿ ಅಮ್ಮ, ನಾನು, ಅಪ್ಪನ ತಾಯಿ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅಜ್ಜಿಗೆ ಕಾಲು ಬಿದ್ದುಹೋಗಿ ಹಾಸಿಗೆಯೇ ಗತಿ. ಕಟ್ಟಡ ಹಳೆಯದು, ಹುಟ್ಟಿನಿಂದಲೇ ಬಲಕ್ಕೆ ಸ್ವಲ್ಪ ವಾಲಿತ್ತು. ನೆಲದ ಮೇಲೆ ನಿಂಬೆಹಣ್ಣು ಬಿದ್ದರೆ ತಾನೇ ಬಚ್ಚಲಮನೆಯ ಕಡೆ ಉರುಳಿಕೊಂಡು ಹೋಗುತ್ತಿತ್ತು, ನಾವು ಅಲ್ಲಿಗೇ ಹೋಗಿ ಎತ್ತಿಕೊಳ್ಳುತ್ತಿದ್ದೆವು. ಈ ವರ್ಷ ಬಲಗಡೆಯ ಖಾಲಿ ಜಾಗದಲ್ಲಿ ಯಾರೋ ಹೊಸ ಕಟ್ಟಡಕ್ಕೆ ಪಾಯ ತೋಡಿದರು. ನಮ್ಮ ಗೋಡೆಗೆ ಅಂಟಿಕೊಂಡೇ ಎರಡು ಆಳು ಆಳದ ಗುಂಡಿ. ತೋಡಿದವರು ತೋಡಿ ಹೋದರು, ಕಟ್ಟುವವರು ಬರಲಿಲ್ಲ. ಗುಂಡಿಯಲ್ಲಿ ನೀರು ನಿಂತಿತು.

ಆ ಭಾನುವಾರ ಮಾವ ಊರು ಸುತ್ತಲು ಹೋಗಲಿಲ್ಲ. ಕೂತು ಹಳೇ ಫೋಟೋಗಳನ್ನು ಆಲ್ಬಮ್ಮಿಗೆ ಅಂಟಿಸುತ್ತಿದ್ದನಂತೆ. ಹೋದ ವರ್ಷದ ಬೋಣಿ ಫೋಟೋದ ಪಕ್ಕಕ್ಕೆ ಈ ತಿಂಗಳ ಬೋಣಿ ಫೋಟೋ ಇಟ್ಟ. ದರ್ಜಿಯ ಕಣ್ಣು, ಏನೋ ಓರೆಯಾಗಿದೆ ಅನಿಸಿತು. ಸ್ಕೇಲು ತೆಗೆದು ಅಳೆದ. ಹೊಸ ಫೋಟೋದಲ್ಲಿ ನಮ್ಮ ಕಟ್ಟಡದ ತಲೆ ಗುಂಡಿಯ ಕಡೆಗೆ ಇನ್ನಷ್ಟು ಬಾಗಿತ್ತು. ಮಾವ ಆಲ್ಬಮ್ಮನ್ನು ಎದೆಗೆ ಅವಚಿಕೊಂಡು, ಕಾಲಿಗೆ ಚಪ್ಪಲಿ ಇಲ್ಲದೆ ರಸ್ತೆ ದಾಟಿ ಬಂದು ಬೇಕರಿಯ ಮುಂದೆ ನಿಂತು ಎಲ್ಲರನ್ನೂ ಕರೆದ. ಅವನ ಗಂಟಲಿನಿಂದ ಅಂಥ ದನಿ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮನೆ ಮಾಲೀಕ ಬಂದ. ತನ್ನ ಫೋನಿನಲ್ಲಿ ಕಟ್ಟಡದ ಫೋಟೋ ತೆಗೆದು ಎಲ್ಲರಿಗೂ ತೋರಿಸಿ, ಎಲ್ಲಿ ವಾಲಿದೆ, ನೆಟ್ಟಗಿದೆಯಲ್ಲ ಅಂದ. ಆ ಫೋನು ವಾಲಿದ ಗೆರೆಗಳನ್ನೆಲ್ಲ ತಾನೇ ನೆಟ್ಟಗೆ ಮಾಡಿಕೊಡುವಂಥದ್ದು ಅಂತ ಮಾವ ವಿವರಿಸಿದ. ನಂಬದಿದ್ದರೆ ನನ್ನ ಅಂಗಡಿಯ ಸೊಟ್ಟ ಬೋರ್ಡು ತೆಗೆದು ನೋಡಿ ಅಂದ. ಮೇಷ್ಟ್ರು ಅದೇ ಫೋನಿನಲ್ಲಿ ತೆಗೆದರು, ಬೋರ್ಡು ನೆಟ್ಟಗೆ ಬಂತು. ಎಲ್ಲರ ಮುಖ ಬಿಳಚಿಕೊಂಡಿತು. ಒಬ್ಬ ಗಾರೆ ಮೇಸ್ತ್ರಿ ದಾರಕ್ಕೆ ಗುಂಡು ಕಟ್ಟಿ ಮೇಲಿನಿಂದ ಇಳಿಬಿಟ್ಟು ನೋಡಿ, ವಾಲಿರುವುದೇನೋ ನಿಜ ಅಂದ. ಅದು ತನ್ನಪ್ಪ ಕಟ್ಟಿಸಿದಾಗಿಂದ ವಾಲಿದೆ ಅಂತ ಮಾಲೀಕ ಸಿಡುಕಿದ. ಅವನು ಹೇಳಿದ್ದೂ ಸುಳ್ಳಲ್ಲ. ವಾಲಿದೆಯಾ ಎಂಬುದು ಪ್ರಶ್ನೆಯೇ ಆಗಿರಲಿಲ್ಲ. ಈಚೆಗೆ ಇನ್ನೂ ವಾಲಿದೆಯಾ ಎಂಬುದೇ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಹೇಳಬಲ್ಲ ವಸ್ತು ಲೋಕದಲ್ಲಿ ಮಾವನ ಆಲ್ಬಮ್ ಒಂದೇ. ನಗರಸಭೆಯ ಇಂಜಿನಿಯರ್ ಬೇರೆ ಊರಿಗೆ ಹೋಗಿದ್ದರು, ವಾರದ ಕೊನೆಗೆ ಬರುತ್ತೇನೆ, ಅಲ್ಲಿಯವರೆಗೆ ಅನುಮಾನವಿದ್ದರೆ ಒಳಗಿರಬೇಡಿ ಅಂತ ಫೋನಿನಲ್ಲಿ ಹೇಳಿದರು.

ಸಂಜೆಯೊಳಗೆ ಕಟ್ಟಡ ಖಾಲಿಯಾಯಿತು. ಅಜ್ಜಿಯನ್ನು ಕುರ್ಚಿಗೆ ಕಟ್ಟಿ ಇಬ್ಬರು ಗಂಡಸರು ಇಳಿಸಿದರು. ಪ್ರತಿ ಮೆಟ್ಟಿಲಿಗೂ ಅವಳು ನರಳುತ್ತಿದ್ದಳು. ಕೆಳಗೆ ಬರುವ ಹೊತ್ತಿಗೆ ನರಳುವುದಕ್ಕೂ ಶಕ್ತಿ ಉಳಿದಿರಲಿಲ್ಲ. ಮೇಷ್ಟ್ರ ಸಂಸಾರ ಹಿಂದಿನ ಬೀದಿಯ ಗೋದಾಮಿನಲ್ಲಿ ಮಲಗಿತು, ನಾವು ಮಾವನ ಅಂಗಡಿಯಲ್ಲಿ ಬಟ್ಟೆಯ ಥಾನುಗಳ ನಡುವೆ. ಬೇಕರಿಯ ಒಲೆ ಆರಿತು. ಬೇಕರಿಯವನಿಗೆ ಒಲೆ ಆರಿದರೆ ಜೀವ ಆರಿದ ಹಾಗೆ, ಅವನು ಇಡೀ ದಿನ ರಸ್ತೆಬದಿ ಕೂತು ಮಾವನ ಅಂಗಡಿಯನ್ನು ದುರುಗುಟ್ಟುತ್ತಿದ್ದ.

ಹೀಗೆ ಎರಡು ದಿನ ಕಳೆಯಿತು, ಕಟ್ಟಡ ಇದ್ದ ಹಾಗೇ ಇತ್ತು. ಆಗ ಅಂಗಡಿಗೆ ಒಬ್ಬ ಗಿರಾಕಿ ಬಂದ. ಮನೆಯಲ್ಲೇ ಅಳತೆ ತೆಗೆದುಕೊಂಡು ಬಂದಿದ್ದೇನೆ, ಹಾಗೇ ಕತ್ತರಿಸಿ ಅಂದ. ಮಾವ ಅವನ ಟೇಪು ಈಸಿಕೊಂಡು ತನ್ನದರ ಪಕ್ಕ ಹಿಡಿದ. ಅವನದು ಹಳೆಯದಾಗಿ ಹಿಗ್ಗಿತ್ತು. ಒಂದು ಟೇಪಿನಲ್ಲಿ ಅಳೆದು ಇನ್ನೊಂದು ಟೇಪಿನಲ್ಲಿ ಕತ್ತರಿಸಿದರೆ ಆ ಅಂಗಿ ಯಾರ ಮೈಗೂ ಆಗುವುದಿಲ್ಲ ಅಂತ ಮಾವ ಬೈಯಲು ಶುರುಮಾಡಿದವನು ಅರ್ಧಕ್ಕೇ ನಿಂತ. ನಾನು ಅಜ್ಜಿಗೆ ನೀರು ಕುಡಿಸುತ್ತಿದ್ದೆ. ತಿರುಗಿ ನೋಡಿದರೆ ಅವನು ಆ ಎರಡು ಟೇಪುಗಳನ್ನು ಕೈಯಲ್ಲಿ ಹಿಡಿದುಕೊಂಡು ಎದುರಿನ ಕಟ್ಟಡವನ್ನೇ ನೋಡುತ್ತಿದ್ದ. ಗಿರಾಕಿ ಎರಡು ಸಲ ಕರೆದ, ಮಾವನಿಗೆ ಕೇಳಿಸಲಿಲ್ಲ.

ವಿಷಯ ಇಷ್ಟೇ. ಹೋದ ವರ್ಷದ ಬೋಣಿ ಫೋಟೋ ಹಳೇ ಕ್ಯಾಮೆರಾದ್ದು. ಈ ತಿಂಗಳದ್ದು ಹೊಸ ಕ್ಯಾಮೆರಾದ್ದು. ಹೊಸದರ ಲೆನ್ಸು ಅಗಲವಾಗಿಸಿ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದರೆ ನೆಟ್ಟಗಿರುವ ಗೋಡೆಯೂ ಬಾಗಿದಂತೆ ಕಾಣುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಬೀದಿಗೆಲ್ಲ ಪಾಠ ಹೇಳಿದವನೇ ಅವನು. ಚಳಿಗಾಲದಿಂದ ಈಚೆಗೆ ತೆಗೆದ ಫೋಟೋಗಳನ್ನು ಒಂದಕ್ಕೊಂದು ಹೋಲಿಸೋಣ ಅಂದರೆ, ಹೊಸ ಆಟಿಕೆಯ ಹುಮ್ಮಸ್ಸಿನಲ್ಲಿ ಪ್ರತಿ ಭಾನುವಾರ ಲೆನ್ಸನ್ನು ಒಂದೊಂದು ಥರ ತಿರುಗಿಸಿದ್ದ. ಒಂದೂ ಅಳತೆಗೆ ಬರುವಂತಿರಲಿಲ್ಲ. ಟೇಪು ಬದಲಾಯಿಸಿದರೆ ಗಿರಾಕಿಯನ್ನು ಬೈಯುವ ಮನುಷ್ಯ ತಾನೇ ಕ್ಯಾಮೆರಾ ಬದಲಾಯಿಸಿ, ಮೂರು ಸಂಸಾರಗಳನ್ನು ಬೀದಿಗೆ ತಂದಿದ್ದ.

ಯಾರಿಗೂ ಹೇಳಬೇಡ, ಇಂಜಿನಿಯರ್ ಬರುವವರೆಗೆ ಬಾಯಿಮುಚ್ಚಿಕೊಂಡಿರು ಅಂದೆ ನಾನು. ಸುಳ್ಳು ಹೇಳಿ ಜನರನ್ನು ಆಚೆ ಇಟ್ಟಂತಾಗುತ್ತದೆ ಅಂದ. ಅವತ್ತೇ ಬೇಕರಿಯ ಮುಂದೆ ಹೋಗಿ ನಿಂತು, ನನ್ನ ಲೆಕ್ಕ ತಪ್ಪಿರಬಹುದು, ಕಟ್ಟಡ ಅಲುಗಾಡಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ ಅಂತ ಹೇಳಿದ. ಅವನು ಹೇಳಿದ್ದು ಗೊತ್ತಿಲ್ಲ ಅಂತ. ಜನ ಕೇಳಿಸಿಕೊಂಡಿದ್ದು ಏನೂ ಆಗಿಲ್ಲ ಅಂತ. ಮಾಲೀಕ ಚಪ್ಪಾಳೆ ತಟ್ಟಿದ. ಬೇಕರಿಯವನು ಒಳಗೆ ಹೋಗಿ ಒಲೆ ಹಚ್ಚಿದ. ಮೇಷ್ಟ್ರು ಮಾತ್ರ ಹತ್ತಿರ ಬಂದು, ಇಷ್ಟು ದಿನ ಬೇರೆಯವರ ಅಂಗಿ ಹಾಳುಮಾಡುತ್ತಿದ್ದೆ, ಈಗ ಮನೆಗೇ ಕೈಹಾಕಿದೆಯಾ ಅಂತ ಕೇಳಿಹೋದರು. ಮಾವ ತಲೆ ತಗ್ಗಿಸಿ ನಿಂತಿದ್ದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅವನನ್ನು ನೋಡಿ ಪಾಪ ಅಂತಲೂ ಅನಿಸಿತು.

ಅಜ್ಜಿಯನ್ನು ಮತ್ತೆ ಕುರ್ಚಿಗೆ ಕಟ್ಟಿ ಹತ್ತಿಸಿದೆವು. ಈ ಸಲ ಅವಳು ನರಳಲಿಲ್ಲ, ಕಣ್ಣು ಮುಚ್ಚಿಕೊಂಡು ಹಲ್ಲು ಕಚ್ಚಿದ್ದಳು. ಹಾಸಿಗೆಗೆ ಹಾಕಿದ ಮೇಲೆ ಇನ್ನೊಂದು ಸಲ ಇಳಿಸಿದರೆ ನಾನು ಉಳಿಯಲ್ಲ ಅಂದಳು. ಇಳಿಸಲ್ಲ ಅಂತ ಅಮ್ಮ ಅವಳ ಕೈ ಹಿಡಿದು ಮಾತು ಕೊಟ್ಟಳು.

ಸ್ನಾನಕ್ಕೆಂದು ನಾನು ಬಚ್ಚಲಿಗೆ ಹೋದೆ. ಆ ಬಾಗಿಲು ಯಾವಾಗಲೂ ಸ್ವಲ್ಪ ಬಿಗಿ, ಭುಜ ಕೊಟ್ಟು ತಳ್ಳಿದರೆ ಮುಚ್ಚುತ್ತಿತ್ತು. ಅವತ್ತು ಭುಜ ಕೊಟ್ಟರೂ ಮುಚ್ಚಲಿಲ್ಲ. ಬಾಗಿಲ ತುದಿ ಚೌಕಟ್ಟಿನ ಮೇಲ್ಮೂಲೆಗೆ ತಗುಲಿ ನಿಂತಿತು. ಅಮ್ಮನನ್ನು ಕರೆದು ತೋರಿಸಿದೆ. ನೀರು ಕುಡಿದು ಮರ ಉಬ್ಬಿದೆ, ಆ ಬಾಗಿಲು ಯಾವತ್ತು ಸರಿ ಇತ್ತು ಅಂದಳು. ಎರಡು ದಿನದಿಂದ ಆ ಬಚ್ಚಲಲ್ಲಿ ಯಾರೂ ನೀರೇ ಬಿಟ್ಟಿಲ್ಲವಲ್ಲ ಅಂತ ನನ್ನ ಬಾಯಿಗೆ ಬಂದಿತ್ತು. ಹೇಳಲಿಲ್ಲ, ಪರದೆ ಎಳೆದುಕೊಂಡು ಸ್ನಾನ ಮಾಡಿದೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಮಾವ ರಸ್ತೆಯಲ್ಲೇ ಕಾಯುತ್ತಿದ್ದ. ಗಡ್ಡ ಬೋಳಿಸಿರಲಿಲ್ಲ. "ಹಳೇ ಕ್ಯಾಮೆರಾ ಇಟ್ಟಿದೀಯಾ, ಯಾರಿಗಾದ್ರೂ ಕೊಟ್ಯಾ?" ಅಂದ. ಇದೆ ಅಂದೆ. ಬಾಗಿಲಿನ ವಿಷಯವನ್ನೂ ಹೇಳಿದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಹೋಗಿ ತಗೊಂಡು ಬಾ ಅಂದ. ಮೇಲೆ ಬಾ ಅಂತ ಕರೆದರೆ ಬರಲಿಲ್ಲ, ಅವನಿಗೆ ಆ ಮೆಟ್ಟಿಲು ಹತ್ತಲು ಭಯ. ನಾನೇ ಓಡಿ, ಬೀರುವಿನ ಮೇಲಿನ ಡಬ್ಬಿ ಇಳಿಸಿ ತಂದೆ. ಬ್ಯಾಟರಿ ಸತ್ತಿತ್ತು. ಅದು ಚಾರ್ಜ್ ಆಗುವವರೆಗೆ ನಾವಿಬ್ಬರೂ ಅಂಗಡಿಯಲ್ಲಿ ಕೂತು, ಗಾಜಿನ ಬಾಗಿಲಾಚೆಗೆ ಬೇಕರಿಗೆ ಜನ ಬಂದುಹೋಗುವುದನ್ನು ನೋಡುತ್ತಿದ್ದೆವು. ಯಾರಾದರೂ ಬಾಗಿಲು ದಢಾರ್ ಅಂತ ಹಾಕಿದರೆ ಮಾವ ಕುರ್ಚಿಯಿಂದ ಅರ್ಧ ಏಳುತ್ತಿದ್ದ.

ಬ್ಯಾಟರಿಗೆ ಸ್ವಲ್ಪ ಜೀವ ಬಂದದ್ದೇ ತಡ, ಮಾವ ಕ್ಯಾಮೆರಾವನ್ನು ಕಿಟಕಿ ಸರಳಿನ ಆ ಮೂಲೆಯಲ್ಲಿ ಗೋಡೆಗೆ ಒತ್ತಿ ಕೂರಿಸಿದ. ಅಷ್ಟು ವರ್ಷ ಅದೇ ಜಾಗದಲ್ಲಿ ಕೂತು ಕೂತು ಅಲ್ಲಿ ಬಣ್ಣ ಸವೆದು ಕ್ಯಾಮೆರಾದ ಗುರುತೇ ಬಿದ್ದಿತ್ತು. ಉಸಿರು ಕಟ್ಟಿ ಗುಂಡಿ ಒತ್ತಿದ. ಎದುರಿಗೆ ಅಮ್ಮ ಅಜ್ಜಿಯ ಹೊದಿಕೆಯನ್ನು ಬಾಲ್ಕನಿಗೆ ಹಾಕುತ್ತಿದ್ದಳು. ಇವತ್ತು ಕೂಗಲಿಲ್ಲ, ನೋಡಿದವಳು ಮುಖ ತಿರುಗಿಸಿ ಒಳಗೆ ಹೋದಳು.

ಪಕ್ಕದ ಸ್ಟುಡಿಯೋದಲ್ಲಿ ಹೋದ ವರ್ಷದ್ದರ ಅಳತೆಗೇ ಸರಿಯಾಗಿ ಪ್ರಿಂಟು ಹಾಕಿಸಿದೆವು. ಮಾವ ಎರಡೂ ಪ್ರಿಂಟುಗಳನ್ನು ಒಂದರ ಮೇಲೊಂದು ಇಟ್ಟು, ಅಂಗಡಿಯ ಗಾಜಿನ ಬಾಗಿಲಿಗೆ ಬಿಸಿಲಿನ ಎದುರು ಒತ್ತಿ ಹಿಡಿದ. ಹೊಲಿಗೆಗೆ ಮುಂಚೆ ಅಂಗಿಯ ಎರಡು ಭಾಗ ಕೂಡಿಸಿ ನೋಡುವುದು ಹೀಗೇ. ಎಡಗಡೆಯ ಮನೆ ಕೂತಿತು. ಕರೆಂಟಿನ ಕಂಬ ಕೂತಿತು. ಬೇಕರಿಯ ಮೆಟ್ಟಿಲೂ ಕೂತಿತು. ಆದರೆ ಮೇಲೆ ಹೋದ ಹಾಗೆಲ್ಲ ನಮ್ಮ ಕಟ್ಟಡದ ಗೆರೆ ಎರಡಾಗುತ್ತ ಹೋಯಿತು, ನಮ್ಮ ಬಾಲ್ಕನಿಯ ಹತ್ತಿರ ಎರಡು ಗೆರೆಗಳ ನಡುವೆ ಬೆರಳು ಇಡುವಷ್ಟು ಜಾಗ. ಒಂದೇ ಕ್ಯಾಮೆರಾ, ಒಂದೇ ಮೂಲೆ, ಒಂದೇ ಕೈ. ಈ ಸಲ ತಪ್ಪು ಇರಲಿಲ್ಲ.

ಹೇಳಿದರೆ ಕೇಳುವವರು ಯಾರು? ಮಾವ ಮೊದಲು ಬೇಕರಿಗೆ ಹೋದ. ಬೇಕರಿಯವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಮೇಷ್ಟ್ರನ್ನು ಕೆಳಗಿನಿಂದ ಕೂಗಿದ. ಅವರು ಕಿಟಕಿಗೆ ಬಂದು, "ಮೊನ್ನೆ ಬೀಳತ್ತೆ ಅಂದೆ, ನಿನ್ನೆ ಇಲ್ಲ ಅಂದೆ, ಇವತ್ತು ಮತ್ತೆ ಬೀಳತ್ತೆ ಅಂತೀಯ. ನಾಳೆ ಏನಂತೀಯ ಅಂತ ಇವತ್ತೇ ಹೇಳ್ಬಿಡು, ಸಾಮಾನು ಕಟ್ಟೋದಕ್ಕೆ ಅನುಕೂಲ" ಅಂದರು. ಬೇಕರಿಗೆ ಬಂದಿದ್ದ ಗಿರಾಕಿಗಳು ನಕ್ಕರು. ಮಾವ ಎರಡು ಪ್ರಿಂಟುಗಳನ್ನು ಹಿಡಿದುಕೊಂಡು ರಸ್ತೆಯ ಮಧ್ಯೆ ನಿಂತಿದ್ದ. ತನ್ನ ಬಾಯಾರೆ ತಾನೇ ತಪ್ಪು ಒಪ್ಪಿಕೊಂಡು ಜನರ ನಂಬಿಕೆಯನ್ನು ಒಂದೇ ದಿನದಲ್ಲಿ ಖರ್ಚು ಮಾಡಿಬಿಟ್ಟಿದ್ದ, ಬೇಕಾದಾಗ ಕೈಯಲ್ಲಿ ಏನೂ ಇರಲಿಲ್ಲ.

ನಾನು ಮೇಲೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಅಡುಗೆ ಮಾಡುತ್ತಿದ್ದಳು. ನಿನ್ನ ಮಾವನ ಮಾತು ಕೇಳಿ ಅತ್ತೆಯನ್ನು ಮತ್ತೆ ಕುರ್ಚಿಗೆ ಕಟ್ಟುವುದಿಲ್ಲ, ನಾನು ಮಾತು ಕೊಟ್ಟಿದ್ದೇನೆ ಅಂದಳು. ಬೇಕಾದರೆ ನೀನು ಹೋಗು ಅಂದಳು. ನಾನೂ ರೇಗಿದೆ. ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಜೋರಾಗಿ ಇಬ್ಬರೂ ಕಿರುಚಾಡುತ್ತಿದ್ದಾಗ ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒಂದೊಂದೇ ಹೆಜ್ಜೆ, ನಡುವೆ ನಿಂತು ನಿಂತು.

ಮಾವ. ಕುತ್ತಿಗೆಯಲ್ಲಿ ಟೇಪು, ಹಣೆಯಲ್ಲಿ ಬೆವರು. ಒಂದು ಕೈಯಿಂದ ಗೋಡೆ ಹಿಡಿದುಕೊಂಡೇ ಒಳಗೆ ಬಂದ. ಪ್ರಿಂಟುಗಳನ್ನು ಮೇಜಿನ ಮೇಲಿಟ್ಟ. ಅಮ್ಮ ಅತ್ತ ನೋಡಲಿಲ್ಲ. ಅವನು ವಾದ ಮಾಡಲಿಲ್ಲ, ಲೆನ್ಸಿನ ಪಾಠ ಹೇಳಲಿಲ್ಲ. ನೇರವಾಗಿ ಹೋಗಿ ಅಜ್ಜಿಯ ಹಾಸಿಗೆಯ ಕಾಲಬುಡದಲ್ಲಿ ಕೂತ.

"ನೀನು ಬರಲ್ಲ ಅಂದ್ರೆ ನಾನೂ ಇಲ್ಲೇ ಇರ್ತೀನಕ್ಕ" ಅಂದ.

ಅಮ್ಮ ಸೌಟು ಹಿಡಿದು ತಿರುಗಿದಳು. ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಅವಳ ಕಣ್ಣು ಮಾವನ ಕೈಯ ಮೇಲಿತ್ತು. ತೊಡೆಯ ಮೇಲೆ ಇಟ್ಟುಕೊಂಡಿದ್ದ ಆ ಎರಡೂ ಕೈಗಳು ಗಡಗಡ ನಡುಗುತ್ತಿದ್ದವು. ಬೆರಳಿಗೆ ಬೆರಳು ಹೆಣೆದು ಹಿಡಿದರೂ ನಿಲ್ಲುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವನನ್ನು ಎತ್ತಿ ಆಡಿಸಿದವಳು ಅವಳು. ಅವನ ಸುಳ್ಳು, ನೆಪ, ಹೆದರಿಕೆ ಎಲ್ಲ ಬಲ್ಲವಳು. ಆದರೆ ಆ ಕೈ ನಡುಗಿದ್ದನ್ನು ಅವಳೂ ನೋಡಿರಲಿಲ್ಲ. ಸ್ಟೂಲು ಹತ್ತದ ತಮ್ಮ, ಬೀಳುತ್ತದೆ ಅಂತ ತಾನೇ ನಂಬಿದ ಕಟ್ಟಡದ ಎರಡನೇ ಮಹಡಿಗೆ ಹತ್ತಿ ಬಂದು ಕೂತಿದ್ದಾನೆ. ಅವಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಅಮ್ಮ ಸ್ಟವ್ ಆರಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಅಜ್ಜಿಯ ಹತ್ತಿರ ಹೋಗಿ, "ಅತ್ತೆ, ಕೊಟ್ಟ ಮಾತು ತಪ್ತಿದೀನಿ. ಬೈಯೋದಿದ್ರೆ ಕೆಳಗೆ ಹೋದ್ಮೇಲೆ ಬೈರಿ" ಅಂದಳು. ಆಮೇಲೆ ಮಾವನ ಕಡೆ ತಿರುಗಿ, ಏಳು, ಕಾಲು ಹಿಡಿ ಅಂದಳು.

ಕುರ್ಚಿ ಹುಡುಕುವ ವ್ಯವಧಾನವಿರಲಿಲ್ಲ. ಹೊದಿಕೆಯಲ್ಲಿ ಸುತ್ತಿ ಮೂವರೂ ಎತ್ತಿಕೊಂಡೆವು. ಮೊದಲ ಮಹಡಿಗೆ ಬಂದಾಗ ಅಮ್ಮ ಎರಡೂ ಕೈ ತುಂಬಿದ್ದರಿಂದ ಮೇಷ್ಟ್ರ ಬಾಗಿಲನ್ನು ಕಾಲಿನಿಂದಲೇ ಒದ್ದಳು. ಬಾಗಿಲು ತೆರೆದ ಮೇಷ್ಟ್ರಿಗೆ, ನಮ್ಮ ತಮ್ಮ ಹೇಳಿದ್ದು ನಿಜ, ಮಕ್ಕಳನ್ನು ಕರೆದುಕೊಂಡು ಈಗಲೇ ಇಳಿಯಿರಿ ಅಂದಳು. ಇಡೀ ಬೀದಿಯಲ್ಲಿ ಮಾವನನ್ನು ಎಲ್ಲರಿಗಿಂತ ಹೆಚ್ಚು ಆಡಿಕೊಂಡವಳು ನಮ್ಮಮ್ಮ. ಅವಳ ಬಾಯಿಂದ ಆ ಮಾತು ಬಂದದ್ದೇ ಅವರಿಗೆ ಸಾಕಾಯಿತು. ನಾವು ಬೇಕರಿಯ ಮುಂದೆ ಬರುವಷ್ಟರಲ್ಲಿ ಅವರ ಮನೆಯವರೆಲ್ಲ ನಮ್ಮ ಹಿಂದೆಯೇ ಇಳಿದಿದ್ದರು. ಬೇಕರಿಯವನೊಬ್ಬನೇ ಗೊಣಗುತ್ತ ಗೊಣಗುತ್ತ, ಒಲೆಯಲ್ಲಿದ್ದುದು ಬೇಯುವವರೆಗೂ ನಿಂತು, ಕೊನೆಗೆ ಬಂದ.

ಅವತ್ತು ಏನೂ ಆಗಲಿಲ್ಲ. ಮರುದಿನವೂ ಬಿಸಿಲೇರುವವರೆಗೆ ಏನೂ ಆಗಲಿಲ್ಲ. ಮಾಲೀಕ ಬಂದು, ಅಕ್ಕ ತಮ್ಮ ಸೇರಿಕೊಂಡು ನನ್ನ ಮನೆಯ ಹೆಸರು ಕೆಡಿಸುತ್ತಿದ್ದೀರಿ ಅಂತ ಕೂಗಾಡತೊಡಗಿದ. ಬೇಕರಿಯವನಿಗೂ ತಾಳ್ಮೆ ಮುಗಿದಿತ್ತು. ನನ್ನ ಕ್ಯಾಮೆರಾ ಒಳಗಿದೆ, ಕಪಾಟಿನ ಮೇಲೆ, ಅದನ್ನಾದರೂ ತರುತ್ತೇನೆ ಅಂತ ಹೊರಟ. ಹಕ್ಕಿಯ ಮುಖ ನೋಡದ ಆ ಕ್ಯಾಮೆರಾದ ಮೇಲೆ ಅವನಿಗೆ ಆಗಲೇ ಪ್ರೀತಿ ಉಕ್ಕಬೇಕಾ. ಅವನು ರಸ್ತೆ ದಾಟಿ ಮೆಟ್ಟಿಲಿಗೆ ಕಾಲಿಡುವಾಗ ಮಾವ ಓಡಿದ. ಹಿಂದಿನಿಂದ ಅಂಗಿಯ ಕಾಲರ್ ಹಿಡಿದು ಎಳೆದ. ಅವನು ಕೊಸರಾಡಿದ, ಕೈ ಬೀಸಿದ, ಮಾವನ ತುಟಿ ಒಡೆಯಿತು. ಮಾವ ಬಿಡಲಿಲ್ಲ. ಆ ಕಾಲರ್ ಮಾವನೇ ಹೊಲಿದದ್ದು, ಕಿತ್ತು ಬರಲಿಲ್ಲ. ಇಬ್ಬರೂ ರಸ್ತೆಯ ಮೇಲೆ ಬಿದ್ದರು.

ಮೊದಲು ನಮ್ಮ ಬಚ್ಚಲಿನ ಗೋಡೆಯಿಂದ ಗಾರೆ ಉದುರಿತು. ಆಮೇಲೆ ಕಟ್ಟಡದ ಬಲಭಾಗ ಪೂರ್ತಿ, ಬಾಲ್ಕನಿ ಸಮೇತ, ಯಾವ ಅವಸರವೂ ಇಲ್ಲದೆ ಗುಂಡಿಯ ಕಡೆಗೆ ಕುಸಿಯಿತು. ಸದ್ದಿಗಿಂತ ಹೆಚ್ಚು ಧೂಳು. ಧೂಳು ಇಳಿದ ಮೇಲೆ ನೋಡಿದರೆ ನಮ್ಮ ಅಡುಗೆಮನೆಗೆ ಒಂದು ಗೋಡೆ ಇರಲಿಲ್ಲ, ನಿನ್ನೆಯ ಪಾತ್ರೆ ಸ್ಟವ್ ಮೇಲೆ ಹಾಗೇ ಇತ್ತು. ಅಜ್ಜಿಯ ಹಾಸಿಗೆ ಇದ್ದ ಕಡೆ ಆಕಾಶ ಕಾಣುತ್ತಿತ್ತು. ಅಮ್ಮ ಅದನ್ನೇ ನೋಡುತ್ತ ನಿಂತಳು. ಮಾಲೀಕ ಕೂಗಾಡುವುದನ್ನು ನಿಲ್ಲಿಸಿ ರಸ್ತೆಯ ಅಂಚಿನಲ್ಲಿ ಕುಸಿದು ಕೂತ. ಬೀದಿಯವರೆಲ್ಲ ಫೋನು ಎತ್ತಿ ತೆಗೆಯುತ್ತಿದ್ದರು. ಮಾವ ಒಂದು ಫೋಟೋವನ್ನೂ ತೆಗೆಯಲಿಲ್ಲ. ಅವನ ಕೈ ಇನ್ನೂ ಬೇಕರಿಯವನ ಕಾಲರಿನಲ್ಲೇ ಇತ್ತು, ಬಿಡಿಸಲು ಇಬ್ಬರು ಬೇಕಾಯಿತು.

ಇಂಜಿನಿಯರ್ ಬಂದು ಉಳಿದ ಭಾಗವನ್ನೂ ಕೆಡವಿಸಿದರು. ನಾವು ಮೂರು ಬೀದಿ ಆಚೆ ಒಂದು ನೆಲಮಹಡಿಯ ಮನೆ ಹಿಡಿದೆವು, ಇನ್ನು ಮೆಟ್ಟಿಲಿನ ಸಹವಾಸ ಬೇಡ ಅಂತ ಅಜ್ಜಿಯ ಆಜ್ಞೆ. ಸಾಮಾನಿನಲ್ಲಿ ಉಳಿದದ್ದು ಕಡಿಮೆ. ಅಪ್ಪನ ಫೋಟೋಗಳೂ ಹೋದವು, ನಾನು ಚಿಕ್ಕವಳಿದ್ದಾಗಿನವೂ ಹೋದವು. ಅಮ್ಮ ಅದಕ್ಕಾಗಿ ಒಂದು ದಿನ ಕೂತು ಅತ್ತಳು. ಆಗ ಮಾವ ಆಲ್ಬಮ್ ತಂದು ಅವಳ ಮುಂದೆ ಇಟ್ಟ. ಬರೀ ಬೋಣಿ ಫೋಟೋಗಳು, ಹೊಸ ಕ್ಯಾಮೆರಾದವು ಕೆಲವು, ಹಳೆಯದರವು ಬೇಕಾದಷ್ಟು. ಕಟ್ಟಡ, ಕಟ್ಟಡ, ಕಟ್ಟಡ. ಅಮ್ಮ ಬೇಸರದಿಂದಲೇ ಹಾಳೆ ತಿರುಗಿಸಿದಳು, ಆಮೇಲೆ ನಿಧಾನಿಸಿದಳು. ಎಲ್ಲದರಲ್ಲೂ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಉಗುರಿನಷ್ಟು ಚಿಕ್ಕದಾಗಿ ಅವಳಿದ್ದಳು. ಒಂದರಲ್ಲಿ ಬಟ್ಟೆ ಹಿಂಡುತ್ತಿದ್ದಳು, ಒಂದರಲ್ಲಿ ಬಾಯಿ ತೆರೆದು ಕೂಗುತ್ತಿದ್ದಳು. ಹಳೆಯ ಕೆಲವು ಫೋಟೋಗಳಲ್ಲಿ ಪಕ್ಕದಲ್ಲಿ ಅಪ್ಪ ನಿಂತಿದ್ದ, ಅವನ ಹೆಗಲ ಮೇಲೆ ನಾನು.

"ನಾನು ಗೋಡೆ ತೆಗೀತಿದೀನಿ ಅಂತಲೇ ಅಂದ್ಕೊಂಡಿದ್ದೆ. ಅವತ್ತು ಗಾಜಿಗೆ ಹಿಡಿದು ನೋಡಿದಾಗಲೇ ಕಂಡಿದ್ದು, ನೀನು ಎರಡು ಕಡೆ ನಿಂತಿದ್ದೆ" ಅಂದ ಮಾವ.

ಭಾನುವಾರ ಬೆಳಿಗ್ಗೆ ಅವನು ಹಳೇ ಕ್ಯಾಮೆರಾ ಹಿಡಿದುಕೊಂಡು ನಮ್ಮ ಹೊಸ ಮನೆಯ ಮುಂದೆ ಬಂದು, ಒಳಗೆ ಬರುವುದೋ ಬೇಡವೋ ಅನ್ನುವ ಹಾಗೆ ಗೇಟಿನ ಹತ್ತಿರ ನಿಂತ. ಅಮ್ಮ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಹೊರಗೆ ಬಂದಳು. ಅವನನ್ನು ನೋಡಿದಳು, ಬಕೆಟ್ಟು ಕೆಳಗಿಟ್ಟಳು, ಕೂದಲು ಸರಿಮಾಡಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು.

"ಬೇಗ ತೆಗಿ, ಕೆಲಸ ಇದೆ" ಅಂದಳು.

ಮಾವ ಕ್ಯಾಮೆರಾ ಎತ್ತಿದ, ಉಸಿರು ಕಟ್ಟಿದ. ಆದರೂ ಆ ಫೋಟೋ ಅಲುಗಾಡಿತು, ಅಮ್ಮನ ಮುಖ ಮಸುಕಾಗಿ ಬಂದಿದೆ. ಇನ್ನೊಂದು ತೆಗೆಯುತ್ತೇನೆ ಅಂತ ಅವನು ಎಷ್ಟು ಸಲ ಕೇಳಿದರೂ ಅವಳು ಬೇಡ ಅಂದಳು. ಆ ಮಸುಕು ಫೋಟೋವನ್ನೇ ಕಟ್ಟು ಹಾಕಿಸಿ ಅಡುಗೆಮನೆಯ ಗೋಡೆಗೆ ಹಾಕಿಕೊಂಡಿದ್ದಾಳೆ.